ಬಾಣಂತನಕ್ಕೆ ಹೊರಟ ಹಕ್ಕಿಗಳು

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ಚಳಿಯ ಹಿಂದೆಯೇ ನಮ್ಮ ಕೆರೆಗಳ ಹಕ್ಕಿಗಳೂ ಗಂಟು ಕಟ್ಟುತ್ತವೆ ಅಂತ ನನಗೆ ತಿಳಿದದ್ದು ಹಕ್ಕಿ ನೋಡುವ ಹುಚ್ಚು ಹತ್ತಿದ ಮೇಲೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಂದೆ ಮೂರು ಸಲ ಹೋಗಿದ್ದೆ. ಮೂರೂ ಸಲ ಡಿಸೆಂಬರ್‌ನಲ್ಲಿ. ಬರುವವರನ್ನು ನೋಡಲು ಎಲ್ಲರೂ ಹೋಗುತ್ತಾರೆ. ಕಳಿಸಿಕೊಡಲು ಹೋಗುವವರು ಕಡಿಮೆ. ಯುರೋಪಿನವರಿಗೆ ವಸಂತ ಅಂದರೆ ಹಕ್ಕಿಗಳು ಮರಳಿ ಬರುವ ಕಾಲ. ನಮಗೆ ಅದೇ ವಸಂತ ಹಕ್ಕಿಗಳು ಮರಳಿ ಹೋಗುವ ಕಾಲ. ಹೋಗುವಾಗ ಅವು ಹೇಗಿರುತ್ತವೆ? ಅದನ್ನು ನೋಡಬೇಕು ಅನ್ನಿಸಿತು.

ಮೂರು ಜಾಗ ಆರಿಸಿಕೊಂಡೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಕುಮಟಾದ ಅಘನಾಶಿನಿ ಅಳಿವೆ. 2022ರಲ್ಲಿ ರಂಗನತಿಟ್ಟು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದಾಗ ಕರ್ನಾಟಕದಿಂದ ಅದೊಂದೇ ಇತ್ತು. 2024ರ ಜನವರಿಯಲ್ಲಿ ಈ ಮೂರೂ ಒಟ್ಟಿಗೆ ಸೇರಿದವು. ಬೆಂಗಳೂರಿನವರು ಮಾಗಡಿ ಅಂದಕೂಡಲೇ ಕೆಂಪೇಗೌಡರ ಮಾಗಡಿ ಅಂದುಕೊಳ್ಳುತ್ತಾರೆ. ಇದು ಬೇರೆ, ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ.

ಕಾರು ಓಡಿಸಲು ತಮ್ಮ ಒಪ್ಪಿದ. ಉಪವಾಸ, ಜಾಗರಣೆ ಮುಗಿಸಿ ಇನ್ನೂ ಕಣ್ಣು ಕೆಂಪಾಗಿದ್ದ ಅಮ್ಮ, "ನಾನೂ ಬರ್ತೀನಿ" ಅಂದಳು. ಅಮ್ಮನಿಗೆ ಎಪ್ಪತ್ತೆರಡು. ಹಕ್ಕಿ ನೋಡಲೆಂದು ಅವಳು ಎಲ್ಲಿಗೂ ಹೋದವಳಲ್ಲ.

ಮೊದಲ ದಿನ, ಅಮಾವಾಸ್ಯೆ

ದಾವಣಗೆರೆಯಿಂದ ಊಟ ಕಟ್ಟಿಕೊಂಡು ಹೊರಟೆವು. ಹಾವೇರಿ, ಸವಣೂರು, ಲಕ್ಷ್ಮೇಶ್ವರ ದಾಟಿ ಮಾಗಡಿ. ಸವಣೂರಿನಲ್ಲಿ ಅಮ್ಮ ಕಾರು ನಿಲ್ಲಿಸಿ ವೀಳ್ಯದೆಲೆ ಕೊಂಡಳು. ಸವಣೂರಿನ ಎಲೆಗೆ ಹೆಸರು ಹೆಚ್ಚು. ಒದ್ದೆ ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡಳು.

ಕೆರೆ ತಲುಪಿದಾಗ ನಾಲ್ಕು ಗಂಟೆ. ಬಿಸಿಲು ಆಗಲೇ ಬೇಸಿಗೆಯದು. ನೀರು ಹಿಂದೆ ಸರಿದು ಅಂಚಿನಲ್ಲಿ ಕೆಸರು ಬಿರಿದಿತ್ತು. ಡಿಸೆಂಬರ್‌ನಲ್ಲಿ ಕಂಡ ಜಾತ್ರೆ ಇರಲಿಲ್ಲ. ಐವತ್ತು ಹೆಕ್ಟೇರ್ ಚಿಲ್ಲರೆಯ ಈ ಕೆರೆಗೆ ಚಳಿಗಾಲದಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಇಷ್ಟು ಹೆಬ್ಬಾತು ಸೇರುವ ಜಾಗ ತೀರಾ ಕಡಿಮೆ. ನಾವು ಹೋದಾಗ ಉಳಿದಿದ್ದವು ಆರುನೂರರಷ್ಟು. ಹತ್ತು ಹತ್ತರಂತೆ ಎರಡು ಸಲ ಎಣಿಸಿದೆ.

ಅಮ್ಮನಿಗೆ ದುರ್ಬೀನು ಕೊಟ್ಟು ಹೊಂದಿಸಿಕೊಟ್ಟೆ. ಬೂದು ಮೈ, ಹಳದಿ ಕೊಕ್ಕು, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅಮ್ಮ ತುಂಬಾ ಹೊತ್ತು ನೋಡಿದಳು.

"ಕೂಸಿಗೆ ದೃಷ್ಟಿ ಆಗಬಾರ್ದು ಅಂತ ಕಾಡಿಗೆ ಎಳೆದಂಗೈತೆ" ಅಂದಳು.

ಏರಿಯ ಮೇಲೆ ಎತ್ತು ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಎಲ್ಲಿಂದ ಬಂದೀರಿ ಅಕ್ಕಾರ?"

"ದಾವಣಗೆರೆಯಿಂದರಿ."

"ತಡಾ ಮಾಡಿ ಬಂದ್ರಿ. ಸಂಕ್ರಮಣದಾಗ ಬರಬೇಕಿತ್ತು. ಆಗ ನೀರ ಕಾಣ್ತಿದ್ದಿಲ್ಲ, ಬರೀ ಹಕ್ಕೀನ."

ಅವು ಹೋಗುವುದನ್ನೇ ನೋಡಬೇಕು ಅಂತ ಬಂದೆವು ಅಂದೆ. ಅವರು ಕೆರೆಯ ಕಡೆ ನೋಡಿದರು. "ಹೋಗೂದು ಯಾರಿಗೂ ಕಾಣೂದಿಲ್ಲರಿ. ಸಂಜೀಕ ಇರ್ತಾವ. ಮುಂಜಾನಿ ಎದ್ದು ನೋಡಿದ್ರ ಇರೂದಿಲ್ಲ."

ಹೆಬ್ಬಾತುಗಳು ಹಗಲೆಲ್ಲ ನೀರಿನಲ್ಲಿ ಸುಮ್ನೆ ಇರುತ್ತವೆ. ಮೇಯುವುದು ಹೆಚ್ಚಾಗಿ ಕತ್ತಲಾದ ಮೇಲೆ, ಸುತ್ತಲಿನ ಹೊಲಗಳಲ್ಲಿ. ಬೆಳೆಗೆ ನಷ್ಟ ಆಗುವುದಿಲ್ಲವೇ ಅಂತ ಕೇಳಿದೆ. "ಆಗತೈತಿ. ಆದ್ರ ಹಿಕ್ಕಿ ಹಾಕ್ತಾವಲ್ಲರಿ, ಅದ ಗೊಬ್ಬರ" ಅಂದರು. ಆ ಮಾತನ್ನು ಅವರು ಬಹಳ ಸಾಮಾನ್ಯವಾಗಿ ಹೇಳಿದರು. ನನಗೆ ಅದು ಸಾಮಾನ್ಯ ಅನ್ನಿಸಲಿಲ್ಲ. ಸರ್ಕಾರದ ಕಾಯಿದೆ ಕೆರೆಯನ್ನು ಕಾಯಬಹುದು. ರಾತ್ರಿ ಹೊಲದಲ್ಲಿ ಆ ಹಕ್ಕಿಗಳನ್ನು ಕಾಯುವುದು ಇಂಥವರ ಮನಸ್ಸು.

ಸೂರ್ಯ ಮುಳುಗಿದ. ಅಮಾವಾಸ್ಯೆಯ ಕತ್ತಲು ಬೇಗ ಕವಿಯಿತು. ಏನೂ ಕಾಣದಂತಾದ ಮೇಲೆ ನೀರಿನ ನಡುವಿನಿಂದ ಸದ್ದು ಎದ್ದಿತು. ಮೊದಲು ಒಂದು 'ಆಂಗ್'. ಆಮೇಲೆ ಹತ್ತು, ಆಮೇಲೆ ನೂರು. ರೆಕ್ಕೆ ನೀರಿಗೆ ಬಡಿದ ಸದ್ದು. ಗುಂಪೊಂದು ನಮ್ಮ ತಲೆಯ ಮೇಲೆಯೇ ದಾಟಿತು. ಕಾಣಲಿಲ್ಲ, ಗಾಳಿ ತಾಗಿದಂತಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಒಂದರ ಹಿಂದೆ ಒಂದು ಗುಂಪು ದಾಟಿ ಮುಗಿಯುವವರೆಗೆ ಬಿಡಲಿಲ್ಲ.

ಎರಡನೇ ದಿನ

ಬೆಳಗ್ಗೆ ಐದೂವರೆಗೆ ಮತ್ತೆ ಏರಿಯ ಮೇಲಿದ್ದೆವು. ಪೂರ್ವ ಕೆಂಪಾಗುತ್ತಿದ್ದಂತೆ ಹೊಲಗಳಿಂದ ಗುಂಪುಗಳು ಮರಳಿದವು. ನೀರಿನ ಮೇಲೆ ಬಂದಾಗ ಕೆಲವು ಹೆಬ್ಬಾತುಗಳು ರೆಕ್ಕೆ ಓರೆ ಮಾಡಿ, ಮೈಯನ್ನು ಪಕ್ಕಕ್ಕೆ ಮಗುಚಿ, ಎಲೆ ಉದುರಿದ ಹಾಗೆ ಸರ್ರನೆ ಇಳಿದವು. ಎತ್ತರವನ್ನು ಬೇಗ ಕಳೆದುಕೊಳ್ಳಲು ಬಾತುಗಳು ಹೀಗೆ ಮಾಡುತ್ತವೆ. ನಾನು ಫೋಟೋ ತೆಗೆಯಲಿಲ್ಲ. ಸುಮ್ನೆ ನೋಡಿದೆ.

ಬಿಸಿಲು ಏರಿದ ಮೇಲೆ ಉಳಿದವರನ್ನು ಗಮನಿಸಿದೆವು. ಸೂಜಿಬಾಲದ ಬಾತು ಹತ್ತಾರು. ಚಲುಕದ ಬಾತು ಬೆರಳೆಣಿಕೆ. ಕೆಸರಿನ ಅಂಚಿನಲ್ಲಿ ಹಳದಿ ಕುಂಡೆಕುಸ್ಕಗಳು ಬಾಲ ಕುಣಿಸುತ್ತಿದ್ದವು. ಡಿಸೆಂಬರ್‌ನಲ್ಲಿ ಇವು ಮಣ್ಣಿನ ಬಣ್ಣದವು, ಕಣ್ಣಿಗೆ ಬೀಳುವುದೇ ಕಷ್ಟ. ಈಗ ಎದೆಯ ಮೇಲೆ ಅರಿಸಿನ ಹಚ್ಚಿದ ಹಾಗಿತ್ತು. ಒಂದಕ್ಕೆ ಪೂರ್ತಿ, ಇನ್ನೊಂದಕ್ಕೆ ಅಲ್ಲಲ್ಲಿ. ಹೊಸ ಗರಿ ಬರುತ್ತಿದೆ ಅಷ್ಟೇ. ಊರಿಗೆ ಹೋಗಿ ಜೋಡಿ ಹುಡುಕಬೇಕಲ್ಲ, ಅದಕ್ಕೆ ಇಲ್ಲಿಂದಲೇ ಸಿಂಗಾರ ಶುರು. ಹೊರಡುವ ಹಕ್ಕಿ ಹೇಗಿರುತ್ತದೆ ಅನ್ನುವ ನನ್ನ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟದ್ದು ಈ ಪುಟ್ಟ ಹಕ್ಕಿ.

ಹೆಬ್ಬಾತುಗಳು ಮಾತ್ರ ಬಣ್ಣ ಬದಲಿಸುವುದಿಲ್ಲ. ಅವುಗಳ ತಯಾರಿ ಮೈಯೊಳಗೆ. ತಿಂದು ತಿಂದು ಕೊಬ್ಬು ಕೂಡಿಡುತ್ತವೆ. ದಾರಿಯಲ್ಲಿ ಅದೇ ಬುತ್ತಿ.

ಹನ್ನೊಂದರ ಹೊತ್ತಿಗೆ ನಾಲ್ಕು ಹುಡುಗರು ಬಂದು ಡ್ರೋನ್ ಹಾರಿಸಿದರು. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದರೆ ವಿಡಿಯೋ ಚೆನ್ನಾಗಿ ಬರುತ್ತದೆ ಅಂತ. ಬಂತು ಕೂಡ. ಆರುನೂರು ಹೆಬ್ಬಾತುಗಳೂ ಎದ್ದು ಎರಡು ಸುತ್ತು ಹೊಡೆದವು. ನಾನು ಹತ್ತಿರ ಹೋಗಿ ಹೇಳಿದೆ: "ಇವು ಹಿಮಾಲಯ ದಾಟಬೇಕಪ್ಪಾ. ಈಗ ಸುಮ್ನೆ ಎಬ್ಬಿಸಿದರೆ ಕೂಡಿಟ್ಟ ಶಕ್ತಿ ಇಲ್ಲೇ ಖರ್ಚಾಗುತ್ತೆ." ಒಬ್ಬ ಹುಡುಗ ತಕ್ಷಣ ಇಳಿಸಿದ. "ಗೊತ್ತಿರಲಿಲ್ಲ ಆಂಟಿ" ಅಂದ. ಗೊತ್ತಿರಲಿಲ್ಲ ಅನ್ನುವುದು ನಿಜವೇ ಇರಬೇಕು. ಕೆರೆಯ ಬಳಿ ಹಕ್ಕಿಯ ಹೆಸರಿನ ಫಲಕಗಳನ್ನು ಹಾಕುತ್ತೇವೆ. ಫೆಬ್ರವರಿ, ಮಾರ್ಚ್‌ನಲ್ಲಿ ಇವುಗಳನ್ನು ಎಬ್ಬಿಸಬೇಡಿ ಅಂತ ಒಂದು ಸಾಲು ಬರೆದರೆ ಎಷ್ಟು ಒಳ್ಳೆಯದು.

ಆ ಹುಡುಗರು ನಮ್ಮ ಜೊತೆ ಬೇವಿನ ಮರದ ಕೆಳಗೆ ಕುಳಿತರು. ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡೆವು. ಹಿಮಾಲಯದ ಕಥೆ ಹೇಳಿದೆ. ಈ ಹೆಬ್ಬಾತುಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳ ಬಳಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ಮೈಸೂರು ಕಡೆಯ ಕೆರೆಗಳಲ್ಲಿ ಕಂಡಿವೆ. ಎವರೆಸ್ಟ್ ಮೇಲೆಯೇ ಹಾರಿ ಹೋಗುತ್ತವೆ ಅಂತ ಹಿಂದೆ ಹೇಳುತ್ತಿದ್ದರು. ಆಮೇಲೆ ವಿಜ್ಞಾನಿಗಳು ಹಕ್ಕಿಗಳಿಗೆ ಯಂತ್ರ ಕಟ್ಟಿ ದಾರಿ ಹಿಡಿದು ನೋಡಿದರು. ಒಮ್ಮೊಮ್ಮೆ 7,000 ಮೀಟರ್ ಮುಟ್ಟುತ್ತವೆ, ನಿಜ. ಆದರೆ ಹೆಚ್ಚಿನ ದಾರಿ ಅದಕ್ಕಿಂತ ತುಂಬಾ ಕೆಳಗೆ. ಬೆಟ್ಟ ಏರಿದಾಗ ಏರುತ್ತವೆ, ಕಣಿವೆ ಬಂದಾಗ ಇಳಿಯುತ್ತವೆ, ಮತ್ತೆ ಏರುತ್ತವೆ. ತೆಳು ಗಾಳಿಯಲ್ಲಿ ಒಂದೇ ಎತ್ತರ ಹಿಡಿದು ಹಾರುವುದಕ್ಕಿಂತ ಹೀಗೆ ಹೋಗುವುದೇ ಹಗುರವಂತೆ. ರಾತ್ರಿ ಮತ್ತು ನಸುಕಿನಲ್ಲಿ ಗಾಳಿ ತಂಪಾಗಿ ದಟ್ಟವಾಗಿರುತ್ತದೆ, ಬೆಟ್ಟ ದಾಟಲು ಆ ಹೊತ್ತೇ ಅವುಗಳಿಗೆ ಇಷ್ಟ. ರಕ್ತವೂ ಅಂಥದ್ದೇ, ಸಿಕ್ಕಷ್ಟೇ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಇವು ಹುಟ್ಟಿದ್ದು ಎಲ್ಲಿ?"

"ಅಲ್ಲೇ ಅಮ್ಮ, ಮಂಗೋಲಿಯಾ, ಟಿಬೆಟ್ ಕಡೆ."

"ಮೊಟ್ಟೆ ಇಡೋದು?"

"ಅದೂ ಅಲ್ಲೇ."

"ಅಂದ್ರೆ ಅದು ತವರು. ಬಾಣಂತನಕ್ಕೆ ಹೋಗ್ತಾವೆ. ಹಂಗಾದ್ರೆ ನಮ್ಮೂರು ಗಂಡನ ಮನೆ."

ತಮ್ಮ ನನ್ನ ಮುಖ ನೋಡಿದ. ಇಷ್ಟು ವರ್ಷ ನಾನು 'ವಲಸೆ', 'ಅತಿಥಿ' ಅಂತ ಬರೆಯುತ್ತಾ ಬಂದೆ. ವರ್ಷಕ್ಕೆ ನಾಲ್ಕೈದು ತಿಂಗಳು ನಮ್ಮ ಹೊಲದಲ್ಲಿ ಉಂಡು, ನಮ್ಮ ಕೆರೆಯಲ್ಲಿ ಮಲಗುವ ಹಕ್ಕಿಯನ್ನು ಅತಿಥಿ ಅನ್ನುವುದು ಸರಿಯಲ್ಲ ಅಂತ ಅಮ್ಮನ ಮಾತು ಕೇಳಿದ ಮೇಲೆ ಅನ್ನಿಸಿತು. ತವರಿಗೆ ಹೋದ ಸೊಸೆ ಮಗುವನ್ನು ಕರೆದುಕೊಂಡು ಮನೆಗೆ ಬರುತ್ತಾಳೆ. ಇವೂ ನವೆಂಬರ್‌ನಲ್ಲಿ ಮರಿಗಳ ಜೊತೆಗೇ ಬರುತ್ತವೆ. ದಾರಿ ತೋರಿಸುವುದು ಅಪ್ಪ ಅಮ್ಮನೇ.

ಸಂಜೆ ಗಾಳಿ ನಿಂತಿತು. ಆರೂವರೆಗೆ ಮೊದಲ ಗುಂಪು ಎದ್ದು ತಗ್ಗಿನಲ್ಲೇ ಹೊಲದ ಕಡೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದು ಹಾಗೆ ಹೋಗಲಿಲ್ಲ. ಕೆರೆಯ ಮೇಲೆ ಒಂದು ಸುತ್ತು ಹೊಡೆಯಿತು. ಇನ್ನೂ ಒಂದು. ಪ್ರತಿ ಸುತ್ತಿಗೂ ಸ್ವಲ್ಪ ಮೇಲೆ. ತಮ್ಮ ಎಣಿಸಿದ, ನಲವತ್ಮೂರು. ಗುಂಪು ನಿಧಾನವಾಗಿ ಒಂದು ಗೆರೆಯಾಯಿತು. ಗೆರೆ ಮುರಿದು ಬಾಣದ ತುದಿಯಾಯಿತು. ಗದಗದ ದಿಕ್ಕಿಗೆ, ಉತ್ತರಕ್ಕೆ ತಿರುಗಿತು. ಕೂಗು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ಇಲ್ಲ.

ಅವು ಊರಿಗೇ ಹೊರಟವು ಅಂತ ಆಣೆ ಇಟ್ಟು ಹೇಳಲಾರೆ. ದೂರದ ಹೊಲಕ್ಕೂ ಹೋಗಿರಬಹುದು. ಆದರೆ ಅಮ್ಮ ಸೆರಗು ಸರಿ ಮಾಡಿಕೊಂಡು ಕೈ ಮುಗಿದಳು. ನಾನೂ ಮುಗಿದೆ.

ಮೂರನೇ ದಿನ

ಬೆಳಗ್ಗೆ ಎಣಿಸಿದಾಗ ಐನೂರಕ್ಕೂ ಕಡಿಮೆ ಇದ್ದವು. ಎರಡು ಸಲ ಎಣಿಸಿದೆವು, ಲೆಕ್ಕ ಬದಲಾಗಲಿಲ್ಲ. ಎತ್ತಿನ ಹಿರಿಯರು ಹೇಳಿದ್ದು ಸರಿ.

ಮುಂಡರಗಿ ದಾಟಿ, ತುಂಗಭದ್ರೆ ದಾಟಿ ಹೂವಿನ ಹಡಗಲಿಗೆ ಬಂದೆವು. ಅಲ್ಲಿ ಮಲ್ಲಿಗೆ ಕೊಳ್ಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಕಾರಿನ ತುಂಬ ಘಮ. ದಾರಿಯ ಬದಿಯಲ್ಲಿ ಮುತ್ತುಗದ ಮರಗಳು ಎಲೆ ಉದುರಿಸಿ ಬರೀ ಕೆಂಪು ಹೂವಾಗಿ ನಿಂತಿದ್ದವು. ಒಂದು ಮರದಲ್ಲಿ ಗದ್ದಲವೋ ಗದ್ದಲ. ಗುಲಾಬಿ ಕಬ್ಬಕ್ಕಿಗಳು. ತಲೆ, ರೆಕ್ಕೆ ಕಪ್ಪು, ನಡುವಿನ ಮೈ ತಿಳಿಗುಲಾಬಿ. ಹೂವಿನಲ್ಲಿ ಕೊಕ್ಕಿಟ್ಟು ಮಕರಂದ ಹೀರಿ, ಹಣೆಗೆಲ್ಲ ಪರಾಗ ಮೆತ್ತಿಕೊಂಡಿದ್ದವು.

ಅಂಕಸಮುದ್ರ ಹಗರಿಬೊಮ್ಮನಹಳ್ಳಿಯ ಹತ್ತಿರದ ಹಳೆಯ ಕೆರೆ. ನೂರು ಹೆಕ್ಟೇರಿಗೆ ಸ್ವಲ್ಪ ಕಡಿಮೆ. ನೀರಿನೊಳಗೇ ಕರಿಜಾಲಿ ಮರಗಳಿವೆ, ಅದೇ ಈ ಕೆರೆಯ ಜೀವ. ಹಕ್ಕಿಗೆ ಮುಳ್ಳಿನ ಮರ, ಸುತ್ತ ನೀರು, ಇದಕ್ಕಿಂತ ಭದ್ರವಾದ ಮನೆ ಬೇಕೇ? ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆಗಳು ಕೊಂಬೆ ಕೊಂಬೆಗೂ ಕುಳಿತಿದ್ದವು. ಇವು ನಮ್ಮ ನಾಡಿನವೇ.

ನಾವು ಕಾದದ್ದು ಸಂಜೆಗೆ. ಸೂರ್ಯ ಇಳಿಯುತ್ತಿದ್ದಂತೆ ಕಬ್ಬಕ್ಕಿಗಳು ನಾಲ್ಕೂ ಕಡೆಯಿಂದ ಬಂದವು. ಮೊದಲು ಹೊಗೆಯ ಹಾಗೆ ಕಂಡಿತು. ಹತ್ತಿರ ಬಂದಾಗ ಹೊಗೆ ಮಡಿಚಿತು, ಬಿಚ್ಚಿತು, ಸೊಂಟ ತಿರುಗಿಸಿದ ಹಾಗೆ ತಿರುಗಿತು. ಸಾವಿರಗಟ್ಟಲೆ ಹಕ್ಕಿಗಳು ಒಮ್ಮೆಗೇ ಜಾಲಿ ಮರಗಳ ಮೇಲೆ ಸುರಿದವು. ಮಾತಾಡಿದರೂ ಕೇಳದಷ್ಟು ಕಲರವ.

ಇವುಗಳ ಲೆಕ್ಕ ಬೇರೆ. ವರ್ಷದ ಬಹುಪಾಲು ನಮ್ಮಲ್ಲೇ ಇರುತ್ತವೆ. ಏಪ್ರಿಲ್ ಹೊತ್ತಿಗೆ ಹೊರಟು ಕಜಕಸ್ತಾನದಂಥ ನಡು ಏಷ್ಯಾದ ಬಯಲಿಗೆ ಹೋಗುತ್ತವೆ. ಮಿಡತೆ ಹೆಚ್ಚಿರುವ ಕಾಲ ನೋಡಿ ಕಲ್ಲುಗಳ ಸಂದಿನಲ್ಲಿ ಮರಿ ಮಾಡುತ್ತವೆ. ಮಳೆಗಾಲದಲ್ಲೇ ವಾಪಸ್ ಬರಲು ಶುರು. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಇವು ಮಿಡತೆ ತಿನ್ನಲಿ ಅಂತ ಅಲ್ಲಿಯ ಜನ ಕಲ್ಲು ಪೇರಿಸಿ ಗೂಡಿಗೆ ಜಾಗ ಮಾಡಿಕೊಡುತ್ತಾರೆ. ಅದನ್ನು ಅಮ್ಮನಿಗೆ ಹೇಳಿದೆ.

"ಬಾಣಂತಿ ಕೋಣೆ" ಅಂದಳು ಅಮ್ಮ.

ನಾಲ್ಕನೇ ದಿನ

ಇದು ದಾರಿಯ ದಿನ. ಬೆಳಗಿನ ಜಾವ ಹೊರಟು ಹರಪನಹಳ್ಳಿ, ರಾಣೆಬೆನ್ನೂರು, ಹಾವೇರಿ, ಶಿರಸಿ. ಶಿರಸಿಯಲ್ಲಿ ತಂಬುಳಿ ಊಟ ಬೇಗನೆ ಮುಗಿಸಿ ದೇವಿಮನೆ ಘಟ್ಟ ಇಳಿದೆವು. ಅಳಿವೆಯ ದಂಡೆ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ.

ಹಕ್ಕಿ ಒಂದೂ ಇಲ್ಲ. ಎಲ್ಲಿ ನೋಡಿದರೂ ನೀರು. ಭರತದ ಹೊತ್ತು. ಸಮುದ್ರ ಒಳಗೆ ನುಗ್ಗಿ ಕೆಸರಿನ ಬಯಲನ್ನೆಲ್ಲ ಮುಚ್ಚಿಬಿಟ್ಟಿತ್ತು. ಅಳಿವೆಗೆ ಹೋಗುವವರು ಗಡಿಯಾರಕ್ಕಿಂತ ಮೊದಲು ತಿಥಿ ನೋಡಬೇಕು, ನಾನು ನೋಡಿರಲಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತವೂ ಜೋರು, ಇಳಿತವೂ ಜೋರು. ನಾಳೆ ಬೆಳಗ್ಗೆ ಎಂಟರ ಹೊತ್ತಿಗೆ ಪೂರ್ತಿ ಇಳಿಯುತ್ತದೆ ಅಂತ ದೋಣಿಯವರು ಹೇಳಿದರು. ತದಡಿಯ ದಡದಲ್ಲಿ ಗರುಡಗಳನ್ನು ನೋಡುತ್ತಾ ಸಂಜೆ ಕಳೆದೆವು. ಪಡುವಣದಲ್ಲಿ ಎಳೆಯ ಚಂದ್ರ ಕಂಡ.

ಐದನೇ ದಿನ

ಬೆಳಗ್ಗೆ ಬೇರೆಯೇ ಲೋಕ. ನೀರು ದೂರ ಹೋಗಿತ್ತು. ಕೆಸರು ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಹೆಂಗಸರು ಸೊಂಟ ಬಗ್ಗಿಸಿ ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುತ್ತಿದ್ದರು. ಅವರ ಸುತ್ತಲೇ ಕೆಸರಿನಲ್ಲಿ ಮೇಯುವ ದಂಡೆಯ ಹಕ್ಕಿಗಳು, ಗೊರವಗಳು.

ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯಿಂದ ಸಮುದ್ರದವರೆಗೆ ತನ್ನ ಪಾಡಿಗೆ ಹರಿಯುತ್ತದೆ. ಘಟ್ಟದ ಮಣ್ಣು, ಎಲೆ, ಸಿಹಿನೀರು ಕೆಳಗೆ ಬರುತ್ತದೆ. ಅದಕ್ಕೇ ಈ ಕೆಸರಿನಲ್ಲಿ ಇಷ್ಟು ಬಳಚು, ಇಷ್ಟು ಹುಳು, ಗಜನಿ ಅನ್ನುವ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ತಳಿಯ ಭತ್ತ. ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಹಿಂದೆ ಇತ್ತು. ಇಲ್ಲಿಯ ಜನ ಎದುರು ನಿಂತರು, ಅದು ಬರಲಿಲ್ಲ. ಬಂದಿದ್ದರೆ ಈ ಬೆಳಗು ನಮಗೆ ಸಿಗುತ್ತಿತ್ತೇ?

ನೀರಿನ ಅಂಚಿನಲ್ಲಿ ಕಂದುತಲೆ ಕಡಲಕ್ಕಿಗಳು ನೂರಾರು. ಚಳಿಗಾಲದಲ್ಲಿ ಇವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಮಚ್ಚೆ ಅಷ್ಟೇ. ಹೆಸರಿಗೂ ತಲೆಗೂ ಹೊಂದುವುದೇ ಇಲ್ಲ. ಈಗ ಹೊಂದುತ್ತಿತ್ತು. ಕೆಲವಕ್ಕೆ ಕಾಫಿ ಬಣ್ಣದ ಟೋಪಿ ಪೂರ್ತಿ ಬಂದಿತ್ತು. ಕೆಲವಕ್ಕೆ ಅರ್ಧ. ಮಣಲು ಗೊರವಗಳ ಎದೆಗೆ ಕಾವಿ ಬಣ್ಣ ಇಳಿಯುತ್ತಿತ್ತು. ಲಡಾಖ್, ಟಿಬೆಟ್ ಕಡೆಗೆ ಹೋಗುವ ಮುಷ್ಟಿಯಷ್ಟು ಹಕ್ಕಿ ಅದು. ಓಡುತ್ತದೆ, ನಿಲ್ಲುತ್ತದೆ, ಕುಟುಕುತ್ತದೆ, ಮತ್ತೆ ಓಡುತ್ತದೆ. ತಿನ್ನುವುದು ಬಿಟ್ಟು ಬೇರೆ ಧ್ಯಾನ ಇಲ್ಲ. ಉದ್ದ ಬಾಗಿದ ಕೊಕ್ಕಿನ ದೊಡ್ಡ ಗೊರವವೊಂದು ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ ಏಡಿಯನ್ನು ಎಳೆಯಿತು.

ಬಳಚು ಹೆಕ್ಕುತ್ತಿದ್ದ ಹಿರಿಯ ಹೆಂಗಸೊಬ್ಬರು ಬುಟ್ಟಿ ಇಟ್ಟು ದಡಕ್ಕೆ ಬಂದರು. ಅಮ್ಮ ಸವಣೂರಿನ ಎಲೆ ಮುಂದೆ ಹಿಡಿದಳು. ಐದು ದಿನವಾದರೂ ಎಲೆ ಬಾಡಿರಲಿಲ್ಲ. ಇಬ್ಬರೂ ಎಲೆ ಮಡಿಚುತ್ತಾ ಹಕ್ಕಿಗಳ ಕಡೆ ನೋಡಿದರು.

"ಇವೆಲ್ಲಾ ಹೋಗ್ತಾವಂತೆ" ಅಂದಳು ಅಮ್ಮ.

"ಎಲ್ಲಾ ಹೋಗೂದಿಲ್ಲ. ಕೆಲವು ಮಳೆಗಾಲದಾಗೂ ಇಲ್ಲೇ ಇರ್ತವು."

ಅಮ್ಮ ನನ್ನ ಕಡೆ ತಿರುಗಿದಳು. ಆ ಹೆಂಗಸು ಹೇಳಿದ್ದು ನಿಜ. ಗೊರವಗಳಲ್ಲಿ ಒಂದು ವರ್ಷವೂ ತುಂಬದವು ಎಷ್ಟೋ ಸಲ ಮೊದಲ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುವುದಿಲ್ಲ. ಜೋಡಿಯಾಗುವ ವಯಸ್ಸು ಬಂದಿರುವುದಿಲ್ಲ. ನಮ್ಮ ತೀರದಲ್ಲೇ ಉಳಿಯುತ್ತವೆ, ಬಣ್ಣವನ್ನೂ ಹೆಚ್ಚು ಬದಲಿಸುವುದಿಲ್ಲ.

"ಅವಕ್ಕೆ ಇನ್ನೂ ಅವಸರ ಇಲ್ಲ" ಅಂದಳು ಅಮ್ಮ. ಆ ಹೆಂಗಸು ನಕ್ಕು ಬುಟ್ಟಿಯ ಕಡೆ ಹೋದರು.

ಒಂಬತ್ತರ ಮೇಲೆ ನೀರು ಏರಲು ಶುರುವಾಯಿತು. ಮೊದಲು ಕಾಲುವೆಗಳು ತುಂಬಿದವು. ಹೆಂಗಸರು ಬುಟ್ಟಿ ತಲೆಗೇರಿಸಿದರು. ತಿನ್ನಲು ಉಳಿದ ಕೆಸರು ಚಿಕ್ಕದಾಗುತ್ತಾ ಬಂತು. ಗೊರವಗಳು ಕುಟುಕುವುದನ್ನು ಬಿಡದೆ ಒಂದೊಂದೇ ಹೆಜ್ಜೆ ದಡದ ಕಡೆ, ನಾವು ಕುಳಿತ ಕಡೆ ಸರಿದವು. ನಾವು ಅಲುಗಾಡಲಿಲ್ಲ. ಹತ್ತು ಮೊಳದಷ್ಟು ಹತ್ತಿರ ಬಂದವು. ಕಾವಿ ಗರಿಗಳು ಹಳೆಯ ಬೂದು ಗರಿಗಳ ನಡುವೆ ಒಂದೊಂದಾಗಿ ಕಾಣುತ್ತಿದ್ದವು. ಅಮ್ಮ ದುರ್ಬೀನನ್ನು ಕಣ್ಣಿನಿಂದ ಇಳಿಸಿ, ಸದ್ದಾಗದ ಹಾಗೆ ನನ್ನ ಮಡಿಲಲ್ಲಿ ಇಟ್ಟಳು.